ಹಾಲಿನ ಕವರಿನ ಹೊಗೆ

ಜನವರಿ 9, ಗುರುವಾರ

ಕಾಲು ಮುರಿದುಕೊಂಡು ಬಿದ್ದವನಿಗೆ ಬರೆಯುವುದೊಂದೇ ಉಳಿದ ಕೆಲಸ. ಅದೇನೂ ನನಗೆ ಹೊಸದಲ್ಲ. ಮಧುಗಿರಿಯ ನೋಂದಣಿ ಕಚೇರಿಯ ಎದುರು ಹುಣಸೆಮರದ ಕೆಳಗೆ ಮೇಜು ಹಾಕಿಕೊಂಡು ತಾಲ್ಲೂಕಿನ ಅರ್ಧ ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಬರೆದವನು ನಾನು. ಪತ್ರಬರಹಗಾರ ಶಂಕರಲಿಂಗಪ್ಪ ಎಂದರೆ ಐ.ಡಿ.ಹಳ್ಳಿಯಿಂದ ಕೊರಟಗೆರೆಯವರೆಗೆ ಗೊತ್ತು. ಅಂಥವನು ಟೀ ಅಂಗಡಿಯ ಮುಂದೆ ಯಾವನೋ ಅವಿವೇಕಿ ಎಸೆದಿದ್ದ ಸಾಂಬಾರಿನ ಪ್ಲಾಸ್ಟಿಕ್ ಕವರಿನ ಮೇಲೆ ಕಾಲಿಟ್ಟು ಜಾರಿಬಿದ್ದೆ. ಮೊಣಕಾಲಿನ ಕೆಳಗೆ ಮೂಳೆ ಮುರಿದಿದೆ. ಸಿಮೆಂಟು ಹಾಕಿದ್ದಾರೆ. ಯುಗಾದಿಯೊಳಗೆ ಬಿಚ್ಚುತ್ತಾರಂತೆ. ಬಿಚ್ಚುವುದು ಯಾವಾಗ ಎಂದು ಸ್ಪಷ್ಟವಾಗಿ ಹೇಳಲಾರದವನೂ ಡಾಕ್ಟರು.

ಮಂಚವನ್ನು ಹಿತ್ತಲ ಕೋಣೆಗೆ ಹಾಕಿಸಿದ್ದಾಳೆ ಮನೆಯವಳು. ಬಚ್ಚಲು ಹತ್ತಿರವಾಗುತ್ತದಂತೆ. ಹತ್ತಿರವಾದದ್ದು ಹೊಗೆ. ಬೆಳಿಗ್ಗೆ ಕಣ್ಣು ಬಿಡುವಷ್ಟರಲ್ಲಿ ಕೋಣೆಯ ತುಂಬ ಸುಟ್ಟ ವಾಸನೆ. ಈ ಮನೆಯಲ್ಲಿ ಹುಟ್ಟಿ ಬೆಳೆದಿದ್ದೇನೆ, ಹಂಡೆಯ ನೀರು ಕಾಯುವುದು ಇಷ್ಟು ಗಲೀಜು ವ್ಯವಹಾರ ಎಂದು ಗೊತ್ತೇ ಇರಲಿಲ್ಲ. ಬಚ್ಚಲಿಗೆ ಹೋದರೆ ನೀರು ಬಿಸಿಯಾಗಿ ಇರುತ್ತಿತ್ತು, ಅಷ್ಟೇ. ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಲಿಂಗಪೂಜೆಗೆ ಕೂರುತ್ತಿದ್ದೆ. ಈಗ ಅದೇ ಬಿಸಿನೀರಿನಲ್ಲಿ ಮೈ ಒರೆಸಿಕೊಂಡು ಕೂರುತ್ತೇನೆ.

ಮನೆಯವಳು ಒಲೆ ಮುಂದೆ ಕೂತು ಕೆಮ್ಮುತ್ತಾಳೆ. ಅದು ಅವಳಿಗೆ ಮೊದಲಿನಿಂದಲೂ ಇರುವ ಅಭ್ಯಾಸ. ನಿದ್ದೆ ಹಾಳು.

ಜನವರಿ 12, ಭಾನುವಾರ

ನೋಡಲು ಬರುವವರ ಕಾಟ. ಎಲ್ಲರೂ ಒಂದೇ ಪ್ರಶ್ನೆ, ಹೆಂಗೆ ಬಿದ್ದಿರಿ. ಬಿದ್ದು ತೋರಿಸಲೇ ಎಂದು ಕೇಳಬೇಕೆನಿಸುತ್ತದೆ.

ಪಕ್ಕದ ಮನೆಯ ತಿಪ್ಪೇಶನೂ ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಮನುಷ್ಯ. ಅವನ ಮನೆಗೂ ನನ್ನ ಮನೆಗೂ ನಡುವಿನ ಓಣಿ ಯಾರದೆಂದು ನಾನು ಅವನಿಗೆ ಎರಡು ಸಲ ನೋಟಿಸು ಕೊಡಿಸಿದ್ದೇನೆ. ಜಾಗದ ನಾಲ್ಕು ಎಲ್ಲೆ ಹೇಳುವ ಚಕ್ಕುಬಂದಿ ಓದಲು ಬಾರದ ಪ್ರಾಣಿ. ಎರಡು ಸಲವೂ ನೋಟಿಸನ್ನು ನನ್ನ ಬಳಿಗೇ ತಂದು, "ಇದರಾಗೆ ಏನ್ ಬರ್ದೈತೆ ಓದಿ ಹೇಳಣ್ಣ" ಎಂದಿದ್ದ.

"ಅಣ್ಣೋ, ಹೆಂಗೈತೆ ಕಾಲು? ಏನಾದ್ರೂ ಬೇಕಂದ್ರೆ ಒಂದು ಕೂಗು ಹಾಕು, ಗೋಡೆ ಆಚೆಗೇ ಇರ್ತೀನಿ" ಎಂದ. ನಾನೇಕೆ ಇವನನ್ನು ಕೂಗಲಿ? ಹೋಗುವಾಗ ಬಚ್ಚಲ ಮೂಲೆಯಲ್ಲಿ ಒಂದು ಚೀಲ ಇಟ್ಟುಹೋದ. ಹಳೆಯ ಟ್ಯೂಬು ಟೈರಿನ ತುಂಡುಗಳು. ಒಲೆ ಹೊತ್ತಿಸಲು. ಇಡೀ ಬೀದಿಗೆ ಹೀಗೆ ಹಂಚುತ್ತಾನಂತೆ. ರಬ್ಬರ್ ದಾನಶೂರ.

ಜನವರಿ 17, ಶುಕ್ರವಾರ

ಇವತ್ತಿನ ಮನರಂಜನೆ. ಯಾವುದೋ ಸಂಸ್ಥೆಯಿಂದ ಒಂದು ಹುಡುಗಿ ಬಂದಿತ್ತು. ಹೆಸರು ಮಹಜಬೀನ್, ಶಿರಾದವಳು. ಕೈಯಲ್ಲಿ ಹಸಿರು ಬಣ್ಣದ ಕರಪತ್ರಗಳ ಕಟ್ಟು. ಮನೆಮನೆಗೆ ಹೋಗಿ ಪರಿಸರದ ಬಗ್ಗೆ ಮಾಹಿತಿ ಕೊಡುವುದು ಅವಳ ಕೆಲಸ. ಮಾಹಿತಿ ಸಿಕ್ಕರೆ ಜನ ತಾವಾಗಿಯೇ ಸರಿಹೋಗುತ್ತಾರೆ ಎಂದು ಆ ಸಂಸ್ಥೆಯವರು ತೀರ್ಮಾನಿಸಿದ್ದಾರೆ. ಅವರು ನಮ್ಮ ಬೀದಿಯನ್ನು ನೋಡಿಲ್ಲ.

"ಸರ್, ಒಂದೈದು ನಿಮಿಷ ಕೇಳ್ತೀರಾ?" ಎಂದಳು.

"ಎದ್ದು ಓಡಿಹೋಗುವ ಸ್ಥಿತಿಯಲ್ಲಿ ನಾನಿಲ್ಲ. ಹೇಳು" ಎಂದೆ.

ಕರಪತ್ರವನ್ನು ಒಂದನೇ ತರಗತಿಯ ಮಗುವಿನ ಹಾಗೆ ಓದಿದಳು. ಭೂಮಿತಾಯಿಗೆ ಜ್ವರ ಬಂದಿದೆಯಂತೆ. ಹಿಮಗಡ್ಡೆ ಕರಗುತ್ತಿದೆಯಂತೆ. ಮಧುಗಿರಿಯಲ್ಲಿ ಕೂತು ಹಿಮಗಡ್ಡೆಯ ಚಿಂತೆ. ಆಮೇಲೆ "ಹಸಿರುಮನೆ ಅನಿಲ" ಎಂಬ ಮಾತು ಬಂತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ತಿಪ್ಪೇಶನ ತಾಯಿ ಸರಸಮ್ಮ, "ಅದ್ಯಾವ ಕಂಪ್ನಿ ಸಿಲಿಂಡರಮ್ಮ? ನಮ್ಗೂ ಕೊಡ್ತಾರಾ?" ಎಂದು ಕೇಳಿದಳು. ಹುಡುಗಿ ಕರಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

ಕಾಲು ಮುರಿದ ಮೇಲೆ ಮೊದಲ ಸಲ ನಕ್ಕೆ.

ಜನವರಿ 18, ಶನಿವಾರ

ಆ ಕರಪತ್ರವನ್ನು ಇನ್ನೊಮ್ಮೆ ಓದಿದೆ. ಇದನ್ನು ಕನ್ನಡವೆಂದು ಕರೆದವರನ್ನು ಕರೆದು ಕೂರಿಸಿ ಕಾಗುಣಿತ ಬರೆಸಬೇಕು. "ತ್ಯಾಜ್ಯವನ್ನು ಬೇರ್ಪಡಿಸುವಿಕೆಯನ್ನು ಮಾಡುವುದನ್ನು ರೂಢಿಸಿಕೊಳ್ಳಿ." ಕಸ ಬೇರೆ ಮಾಡಿ ಎನ್ನಲು ಇಷ್ಟು ಕಸ! ಕೆಂಪು ಪೆನ್ನು ತರಿಸಿ ತಿದ್ದಿದೆ. ಹೊತ್ತು ಹೋಯಿತು.

ಜನವರಿ 24, ಶುಕ್ರವಾರ

ಹುಡುಗಿ ಮತ್ತೆ ಬಂದಿತ್ತು. ತಿದ್ದಿದ ಹಾಳೆಯನ್ನು ಮುಖಕ್ಕೆ ಹಿಡಿದೆ, ಅಳುತ್ತಾಳೆ ಎಂದುಕೊಂಡಿದ್ದೆ. "ಥ್ಯಾಂಕ್ಸ್ ಸರ್, ನಮ್ಮ ಆಫೀಸಲ್ಲಿ ತೋರಿಸ್ತೀನಿ" ಎಂದು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಇಂಥವರನ್ನು ಅವಮಾನ ಮಾಡುವುದೂ ಕಷ್ಟ.

ಆಮೇಲೆ ಬಚ್ಚಲ ಕಡೆ ಹೋಗಿ ಮನೆಯವಳನ್ನು ಮಾತಾಡಿಸಿದಳು.

"ನಾಗರತ್ನಮ್ಮ, ಒಲೆ ಏನ್ ಹಾಕಿ ಹೊತ್ತಿಸ್ತೀರಾ?"

"ಹಾಲಿನ ಕವರು ಕಣಮ್ಮ. ಬಿಸ್ಕತ್ತು ಕವರು, ಎಣ್ಣೆ ಕವರು, ಏನಿದ್ರೆ ಅದು. ಬಿರ್ರನೆ ಹತ್ಕಂತದೆ. ಇವ್ರಿಗೆ ಐದು ಗಂಟೆಗೆಲ್ಲಾ ನೀರು ಕಾದಿರ್ಬೇಕು. ತೆಂಗಿನಮಟ್ಟೆ ಊದ್ಕಂಡು ಕೂತ್ರೆ ಆಗ್ತದಾ?"

"ಆ ಹೊಗೆ ವಿಷ ಅಮ್ಮ."

"ಇಷ ಆಗಿದ್ರೆ ನಾನು ಇಷ್ಟೊತ್ಗೆ ಸತ್ತೋಗಿರ್ಬೇಕಿತ್ತಲ್ಲಮ್ಮ" ಎಂದಳು ಮನೆಯವಳು. ಮಂಚದ ಮೇಲಿಂದಲೇ ಶಹಬ್ಬಾಸ್ ಎಂದೆ. ತವರಿನ ಮದಲೂರು ಕೆರೆ ನೀರು ಕುಡಿದು ಬೆಳೆದವಳು, ಬಾಯಿ ಚುರುಕು. ಮನೆಯವಳು ನಗಲು ಹೋಗಿ ಕೆಮ್ಮಿದಳು.

ಜನವರಿ 28, ಮಂಗಳವಾರ

ಇಂಥ ಅವಹೇಳನವನ್ನು ನಾನು ಬದುಕಿನಲ್ಲಿ ಕಂಡಿಲ್ಲ.

ಆ ಹುಡುಗಿ ಪ್ರತಿ ಮನೆಯ ಬಾಗಿಲಿಗೆ ಒಂದು ಬಣ್ಣದ ಚೀಟಿ ಅಂಟಿಸಿಹೋಗಿದ್ದಾಳೆ. ಕಸ ಬೇರೆ ಮಾಡಿ ಪುರಸಭೆಯ ಗಾಡಿಗೆ ಕೊಡುವ, ಪ್ಲಾಸ್ಟಿಕ್ ಸುಡದ ಮನೆಗೆ ಹಸಿರು. ಅರ್ಧಂಬರ್ಧ ಮಾಡುವವರಿಗೆ ಹಳದಿ. ಏನೂ ಮಾಡದವರಿಗೆ ಕೆಂಪು. ಅಕ್ಕಪಕ್ಕದವರು ಏನು ಮಾಡುತ್ತಿದ್ದಾರೆಂದು ತಿಳಿದರೆ ಉಳಿದವರೂ ಮಾಡುತ್ತಾರೆ ಎಂಬುದು ಅವರ ಹೊಸ ಉಪಾಯ.

ನಮ್ಮ ಬಾಗಿಲಿಗೆ ಕೆಂಪು. ತಿಪ್ಪೇಶನ ಬಾಗಿಲಿಗೆ ಹಳದಿ!

ಊರಿಗೆಲ್ಲ ಟೈರು ಹಂಚುವವನಿಗೆ ಹಳದಿ ಏಕೆಂದು ಹುಡುಗಿಯನ್ನು ಕರೆಸಿ ಕೇಳಿದೆ. ಅವನ ತಾಯಿ ಸೊಪ್ಪಿನ ದಂಟು, ತರಕಾರಿ ಸಿಪ್ಪೆಯನ್ನು ಬೇರೆ ಬಕೆಟ್ಟಿಗೆ ಹಾಕುತ್ತಾಳಂತೆ. ಎಮ್ಮೆ ಸಾಕಿರುವ ಮನೆಯಲ್ಲಿ ಸಿಪ್ಪೆ ಎಮ್ಮೆಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ? ಇದು ಪರಿಸರ ಪ್ರೇಮವೇ? "ನಿಯಮ ಹಂಗಿದೆ ಸರ್" ಎಂದಳು.

ಮನೆಯವಳನ್ನು ಕರೆದು ಕಟ್ಟುನಿಟ್ಟಾಗಿ ಹೇಳಿದೆ. ನಾಳೆಯಿಂದ ಒಲೆಗೆ ಒಂದು ಕವರೂ ಹೋಗಕೂಡದು. ಕಸ ಎರಡು ಬಕೆಟ್ಟಿಗೆ.

"ಮತ್ತೆ ಒಲೆ ಹೆಂಗೆ ಹತ್ಸೋದ್ರೀ? ಮಟ್ಟೆ ಇನ್ನೂ ಹಸಿ ಐತೆ."

"ಊದುಗೊಳವೆ ಇದೆಯಲ್ಲ, ಊದು" ಎಂದೆ. ಎಲ್ಲವನ್ನೂ ನಾನೇ ಹೇಳಿಕೊಡಬೇಕು ಈ ಮನೆಯಲ್ಲಿ.

ಫೆಬ್ರವರಿ 1, ಶನಿವಾರ

ಹಳದಿ ಬಂತು. ಹುಡುಗಿ ಚೀಟಿ ಬದಲಿಸುವಾಗ ತಿಪ್ಪೇಶ ನೋಡಿದನೋ ಇಲ್ಲವೋ ತಿಳಿಯಲಿಲ್ಲ. ಮುಂದಿನ ವಾರ ಹಸಿರು ಬಂದರೆ ನೋಡಲೇಬೇಕಾಗುತ್ತದೆ.

ಹೊಗೆ ಮಾತ್ರ ಮೊದಲಿಗಿಂತ ಹೆಚ್ಚು. ಹಸಿ ಮಟ್ಟೆ ಬೆಳಗಿನ ಜಾವದಿಂದ ಬುಸುಗುಡುತ್ತದೆ. ಮನೆಯವಳು ಊದಿ ಊದಿ ಕೆಮ್ಮುತ್ತಾಳೆ. ಮೆಣಸಿನ ಕಷಾಯ ಕುಡಿ ಎಂದೆ. ಮಾತು ಕೇಳುವ ಜಾತಿಯಲ್ಲ.

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ ಕೆಮ್ಮು ನಿಂತಿತು. ನಿಂತಿತಲ್ಲ ಎಂದುಕೊಂಡೆ. ಆಮೇಲೆ ಊದುಗೊಳವೆ ಬಿದ್ದ ಸದ್ದು.

ಕರೆದೆ. ಉತ್ತರವಿಲ್ಲ. ಮಂಚದಿಂದ ಇಳಿಯಲು ಹೋಗಿ ನೆಲಕ್ಕೆ ಬಿದ್ದೆ. ಬಾಗಿಲವರೆಗೆ ತೆವಳಿದೆ. ಬಚ್ಚಲ ಗೋಡೆಗೆ ಒರಗಿ ಕೂತಿದ್ದಳು, ಬಾಯಿ ತೆರೆದಿತ್ತು, ತುಟಿ ನೀಲಿ. ನನ್ನನ್ನು ನೋಡುತ್ತಿದ್ದಳು. ಮಾತಾಡಲು ಉಸಿರಿರಲಿಲ್ಲ.

ತಿಪ್ಪೇಶನನ್ನು ಕೂಗಿದೆ. ಓಣಿಯ ಗೋಡೆ ಹಾರಿ ಬಂದ. ಎತ್ತಿಕೊಂಡು ಹೋಗಿ ತನ್ನ ಓಮ್ನಿಯಲ್ಲಿ ಮಲಗಿಸಿದ. ಸರಸಮ್ಮ ಜೊತೆಗೆ ಹತ್ತಿದಳು. ತುಮಕೂರಿಗೆ ಹೋದರು.

ನಾನು ಬಚ್ಚಲ ಹೊಸ್ತಿಲಲ್ಲೇ ಕೂತಿದ್ದೆ. ಒಲೆ ಚೆನ್ನಾಗಿ ಉರಿಯುತ್ತಿತ್ತು.

ಫೆಬ್ರವರಿ 5, ಬುಧವಾರ

ಉಸಿರಾಡುತ್ತಿದ್ದಾಳೆ. ಆಕ್ಸಿಜನ್ ಹಾಕಿದ್ದಾರೆ. ಶಿರಾದಿಂದ ಮಗಳು ಲೋಹಿತಾ ಬಂದು ಆಸ್ಪತ್ರೆಯಲ್ಲಿ ಉಳಿದಿದ್ದಾಳೆ. ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವ ರೀತಿ ನೋಡು, ಕಚೇರಿಯ ಗುಮಾಸ್ತೆಯ ಹಾಗೆ. "ಊಟ ಮಾಡಿದ್ರಾ? ಸರಿ, ಇಡ್ತೀನಿ."

ಸರಸಮ್ಮ ರೊಟ್ಟಿ ತಂದುಕೊಟ್ಟಳು. ರೊಟ್ಟಿಯೇ ಅದು, ಬಾವಿಗಟ್ಟೆಯ ಚಪ್ಪಡಿ. ಎರಡು ತಿಂದೆ.

ಫೆಬ್ರವರಿ 7, ಶುಕ್ರವಾರ

ಡಾಕ್ಟರು ಫೋನಿನಲ್ಲಿ ಮಾತಾಡಿದ. ಹೆಣ್ಣುಮಗಳೋ ಗಂಡಸೋ ತಿಳಿಯದಂಥ ಎಳೆ ದನಿ. "ಎಷ್ಟು ವರ್ಷದಿಂದ ಕೆಮ್ಮು ಇದೆ?" ಎಂದು ಕೇಳಿದ. ಮೊದಲಿನಿಂದ ಎಂದೆ. "ಮೊದಲು ಅಂದ್ರೆ ಯಾವಾಗ ಸರ್?" ಎಂದ. ದಿನಾಂಕ ಕೇಳಿದರೆ ಎಂಥ ಪತ್ರದ್ದನ್ನಾದರೂ ಹೇಳಬಲ್ಲೆ. ಇದನ್ನು ಹೇಳಲಾಗಲಿಲ್ಲ. ಇಂಥ ಪ್ರಶ್ನೆಗಳನ್ನು ರೋಗಿಯನ್ನೇ ಕೇಳಬೇಕು, ಅಷ್ಟೂ ತಿಳಿಯದೆ?

ಶ್ವಾಸಕೋಶ ಬೀಡಿ ಸೇದುವವರದ್ದರ ಹಾಗಿದೆ ಎಂದ. ನನ್ನ ಹೆಂಡತಿ ಬೀಡಿ ಸೇದುವವಳಲ್ಲ ಎಂದು ಗದರಿದೆ. "ಗೊತ್ತು ಸರ್. ಅದಕ್ಕೇ ಒಲೆ ಯಾವುದು ಅಂತ ಕೇಳ್ತಾ ಇರೋದು" ಎಂದ. ಇನ್ನು ಮೇಲೆ ಯಾವ ಹೊಗೆಯೂ ಅವಳ ಹತ್ತಿರ ಸುಳಿಯಬಾರದಂತೆ. ಪ್ಲಾಸ್ಟಿಕ್ಕಿನದಂತೂ ಅಲ್ಲವೇ ಅಲ್ಲ, ಸೌದೆಯದೂ ಅಲ್ಲ, ಪಕ್ಕದ ಮನೆಯದೂ ಅಲ್ಲ.

ಪಕ್ಕದ ಮನೆಯ ಹೊಗೆಗೆ ನಾನು ಯಾವ ನೋಟಿಸು ಕೊಡಿಸಲಿ?

ಫೆಬ್ರವರಿ 9, ಭಾನುವಾರ

ಹುಡುಗಿ ಬಂದಿತ್ತು. ಕೈಯಲ್ಲಿ ಹಸಿರು ಚೀಟಿ. ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. ಏನು ಸುಡಬಾರದು ಎಂದು ನಿನ್ನ ಹಾಳೆಯಲ್ಲಿದೆ, ಏನು ಮಾಡಬೇಕು ಎಂದು ಎಲ್ಲಿದೆ? ಹಸಿ ಮಟ್ಟೆ ಊದಬೇಡಿ ಎಂದು ಎಲ್ಲಿದೆ? ಹಿಮಗಡ್ಡೆಯ ಚಿತ್ರವಿದೆ, ಮನುಷ್ಯರ ಎದೆಯ ಚಿತ್ರ ಎಲ್ಲಿದೆ? ಮಾಹಿತಿಯಂತೆ ಮಾಹಿತಿ!

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನಂಗೂ ಗೊತ್ತಿರ್ಲಿಲ್ಲ ಸರ್. ಅವರು ಹೇಳಿಕೊಟ್ಟಷ್ಟು ಹೇಳ್ತೀನಿ. ನಮ್ಮ ಅಮ್ಮಿನೂ ದಿನಾ ಒಲೆ ಊದ್ತಾರೆ. ಅವರಿಗೆ ಇದುವರೆಗೆ ಒಂದು ಮಾತೂ ಹೇಳಿಲ್ಲ ನಾನು. ಮನೇಲಿ ಹೇಳಕ್ಕೆ ಹೋದ್ರೆ, ಬಡಾ ಟೀಚರ್ ಬಂದ್ಲು ಅಂತ ನಗ್ತಾರೆ."

ಇವಳೇ ಸರಿ. ಊರಿಗೆಲ್ಲ ಉಪದೇಶ, ಮನೆಯಲ್ಲಿ ಬಾಯಿಗೆ ಬೀಗ. ಹಸಿರು ಚೀಟಿ ವಾಪಸು ತೆಗೆದುಕೊಂಡು ಹೋಗು ಎಂದೆ. ಹೋಗುವಾಗ ಬಚ್ಚಲ ಮೂಲೆಯಲ್ಲಿದ್ದ ಟೈರಿನ ಚೀಲವನ್ನೂ ಎತ್ತಿಕೊಂಡು ಹೋದಳು. ಅದನ್ನು ನಾನೇ ಹೇಳಿದ್ದೆನೋ, ನೆನಪಿಲ್ಲ.

ಫೆಬ್ರವರಿ 12, ಬುಧವಾರ

ನಾಗರತ್ನ ಬಂದಳು. ತಿಪ್ಪೇಶನೇ ಕರೆತಂದ. ಇಳಿದಿದ್ದಾಳೆ, ಕುಪ್ಪಸದ ತೋಳು ಸಡಿಲ. ನಡುಮನೆಯಲ್ಲಿ ಕಿಟಕಿಯ ಕೆಳಗೆ ಅವಳ ಹಾಸಿಗೆ. ಮೂಗಿಗೆ ಎಳೆದುಕೊಳ್ಳುವ ಔಷಧಿಯಲ್ಲ, ಬಾಯಿಗೆ ಒತ್ತಿಕೊಳ್ಳುವ ಇನ್ಹೇಲರು ಕೊಟ್ಟಿದ್ದಾರೆ. ಅದನ್ನು ಹಿಡಿಯುವ ಕ್ರಮ ಲೋಹಿತಾ ತೋರಿಸಿದಳು. ನಾನೂ ಕಲಿತೆ, ಲೋಹಿತಾ ತೋರಿಸಿದ್ದು ಪೂರಾ ತಪ್ಪಿತ್ತು, ಪೆಟ್ಟಿಗೆಯೊಳಗಿನ ಹಾಳೆ ಓದಿ ಸರಿಮಾಡಿದೆ.

ಬಂದವಳೇ ಕೇಳಿದ್ದು, "ಸ್ನಾನಕ್ಕೆ ನೀರು ಯಾರು ಕಾಯ್ಸಿದ್ರು?"

ಕಾಲಿಗೆ ಸಿಮೆಂಟಿರುವವನಿಗೆ ಎಲ್ಲಿಯ ಸ್ನಾನ ಎಂದೆ. ತಣ್ಣೀರ ಬಟ್ಟೆಯಲ್ಲಿ ಒರೆಸಿಕೊಂಡು ಪೂಜೆಗೆ ಕೂರುತ್ತಿದ್ದೇನೆ. ಲಿಂಗಕ್ಕೇನೂ ಬೇಸರವಾದ ಹಾಗಿಲ್ಲ.

ಫೆಬ್ರವರಿ 14, ಶುಕ್ರವಾರ

ತೀರ್ಮಾನಿಸಿದೆ. ಈ ಬೀದಿಗೆ ಸರಿಯಾದ ಕರಪತ್ರವೊಂದನ್ನು ನಾನೇ ಬರೆಯುವುದು. ಪರಿಸರಕ್ಕಾಗಿ ಅಲ್ಲ. ಪಕ್ಕದ ಮನೆಯ ಹೊಗೆ ನಿಲ್ಲಬೇಕು, ಅಷ್ಟೇ. ಜೊತೆಗೆ ಕನ್ನಡ ಎಂದರೆ ಏನೆಂದು ಆ ಸಂಸ್ಥೆಯವರಿಗೂ ತಿಳಿಯಲಿ.

"ನಿನ್ನ ಹೆಸರು ಹಾಕುತ್ತೇನೆ, ಆಸ್ಪತ್ರೆಯ ವಿಷಯ ಬರೆಯುತ್ತೇನೆ" ಎಂದೆ ನಾಗರತ್ನಳಿಗೆ.

"ಬ್ಯಾಡ ಕಣ್ರೀ. ನನ್ನ ಕೆಮ್ಮನ್ನ ಯಾಕೆ ಕಾಗ್ದದಾಗೆ ಬರೀತೀರಾ? ನೀವು ಬರ್ದಿದ್ದೆಲ್ಲಾ ಆಸ್ತಿ ಪತ್ರದಂಗಿರ್ತದೆ."

ಸರಿ, ಹೆಸರಿಲ್ಲದೆಯೇ ಬರೆದೆ. ಮೂರು ಸಲ ತಿದ್ದಿದೆ. "ಮಧುಗಿರಿ ಪಟ್ಟಣ, ಕೋಟೆ ಕೆಳಗಿನ ಬೀದಿಯ ಸಮಸ್ತ ಗೃಹಸ್ಥರಿಗೆ ಯಾರ ಒತ್ತಾಯವೂ ಇಲ್ಲದೆ ಸ್ವಸ್ಥಚಿತ್ತದಿಂದ ತಿಳಿಯಪಡಿಸುವುದೇನೆಂದರೆ, ಬಚ್ಚಲ ಒಲೆಗೆ ಪ್ಲಾಸ್ಟಿಕ್, ರಬ್ಬರು ಮುಂತಾದ ಯಾವುದೇ ನಿಷಿದ್ಧ ಪದಾರ್ಥಗಳನ್ನು ಹಾಕತಕ್ಕದ್ದಲ್ಲ, ಹಾಕಿದ್ದೇ ಆದಲ್ಲಿ ತತ್ಪರಿಣಾಮವಾಗಿ ಉಂಟಾಗುವ ಸಕಲ ಕಷ್ಟನಷ್ಟಗಳಿಗೆ ತಾವೂ ತಮ್ಮ ವಾರಸುದಾರರೂ ಬಾಧ್ಯಸ್ಥರಾಗಿರತಕ್ಕದ್ದು." ಇಂಥ ಕಟ್ಟುಮಸ್ತಾದ ವಾಕ್ಯವನ್ನು ಈಗ ಬರೆಯುವವರು ಯಾರಿದ್ದಾರೆ?

ಮಹಜಬೀನ್ ಜೆರಾಕ್ಸ್ ಮಾಡಿಸಿ ಮನೆಮನೆಗೆ ಹಂಚಿದಳು. ಓದಿ, "ಬಹಳ ಗಟ್ಟಿಯಾಗಿದೆ ಸರ್" ಎಂದಳು. ಅಷ್ಟು ತಿಳಿವಳಿಕೆ ಇದೆ.

ಫೆಬ್ರವರಿ 19, ಬುಧವಾರ

ತಿಪ್ಪೇಶ ಬೇಯಿಸಿದ ಕಡಲೆಕಾಯಿ ತಂದುಕೊಟ್ಟ. ಪೊಟ್ಟಣ ಬಿಚ್ಚಿದೆ. ಒಳಗಡೆ "ಬಾಧ್ಯಸ್ಥರಾಗಿರತಕ್ಕದ್ದು."

"ಓದಿದೆಯೇನೋ ಇದನ್ನು?" ಎಂದೆ.

"ನೋಡ್ದೆ ಕಣಣ್ಣ. ಓಣಿ ಕೇಸಿಂದು ಅಂತ ಅನ್ಕಂಡೆ. ಅದು ಆಮ್ಯಾಕೆ ನೋಡ್ಕಳಾನ ಬುಡು ಅಂತ ಇಕ್ಕಿದ್ದೆ, ನಮ್ಮವ್ವ ಪೊಟ್ಣ ಕಟ್ಬುಟ್ಲು."

ಇಂಥವರಿಗೆ ಭಾಷೆ ವ್ಯರ್ಥ. ನಾಗರತ್ನ ಕಿಟಕಿಯ ಕಡೆ ತಿರುಗಿಕೊಂಡು ನಗುತ್ತಿದ್ದಳು. ಭುಜ ಅಲುಗುತ್ತಿತ್ತು. ಕೆಮ್ಮು ಬರಲಿಲ್ಲ. ಹಾಗಾಗಿ ಸುಮ್ಮನಿದ್ದೆ.

ಫೆಬ್ರವರಿ 22, ಶನಿವಾರ

ಇದನ್ನು ಆದ ಹಾಗೆಯೇ ಬರೆದಿಡುತ್ತೇನೆ.

ಬೆಳಿಗ್ಗೆ ಬೀದಿ ನಲ್ಲಿಗೆ ನೀರು ಬಂತು. ನಾನು ಊರುಗೋಲು ಹಿಡಿದು ಜಗಲಿಯ ಮೇಲೆ ಕೂತಿದ್ದೆ. ನಾಗರತ್ನ ಬಿಂದಿಗೆ ಹಿಡಿದು ಹೊರಟಳು. ಎತ್ತಕೂಡದು ಎಂದೆ. "ಎತ್ತಲ್ಲ, ಹಿಡ್ಕಂಡು ನಿಂತ್ಕಂತೀನಿ" ಎಂದು ಹೋದಳು. ಅಷ್ಟರಲ್ಲಿ ಸರಸಮ್ಮನ ಬಚ್ಚಲಿನಿಂದ ಕಪ್ಪು ಹೊಗೆ ಎದ್ದು ಬೀದಿಗೆ ಇಳಿಯಿತು. ನಾಗರತ್ನ ಸೆರಗನ್ನು ಮೂಗಿಗೆ ಹಿಡಿದಳು. ಆಮೇಲೆ ತೆಗೆದಳು.

"ಸರಸಕ್ಕ, ನಿಮ್ಮನೆ ಒಲೆ ಆರ್ಸು. ನಾನು ಸಾಯ್ತೀನಿ ಅನ್ಕಂಡಿದ್ದೆ ಕಣಕ್ಕ ಅವತ್ತು. ನೀನೇ ನೋಡ್ದಲ್ಲ. ಉಸ್ರು ಒಳೀಕೆ ಹೋಗ್ತದೆ, ಈಚ್ಗೆ ಬರಲ್ಲ. ತುಂಬಿದ ಬಿಂದ್ಗೆ ಬಾಯಿಗೆ ಬಟ್ಟೆ ತುರ್ಕಿದಂಗೆ. ಆಸ್ಪತ್ರೇಲಿ ನನ್ನ ಎದೆ ಫೋಟೋ ತೋರ್ಸಿದ್ರು. ನಮ್ಮ ಬಚ್ಚಲು ಗೋಡೆ ಇದ್ದಂಗೈತೆ, ಮಸಿ ಮಸಿ. ನನ್ನ ಪಕ್ಕದ ಮಂಚದಾಗೆ ಬುಕ್ಕಾಪಟ್ಣದ ಹೆಂಗ್ಸು, ನಮ್ಮ ಲೋಹಿತಾ ವಯಸ್ಸು. ಅವ್ಳೂ ಹಾಲಿನ ಕವರೇ ಹಾಕ್ತಿದ್ಲಂತೆ. ನಾನು ಬಂದೆ, ಅವ್ಳು ಬರ್ಲಿಲ್ಲ."

ನಲ್ಲಿಯ ಕೆಳಗೆ ಬಿಂದಿಗೆ ತುಂಬಿ ನೀರು ಚೆಲ್ಲುತ್ತಿತ್ತು. ಒಬ್ಬಳು, ಮೂಲೆಮನೆಯವಳು, "ನಂಗೂ ಬೆಳಿಗ್ಗೆ ಹೊತ್ತು ಎದೆ ಹಿಡ್ದಂಗಾಗ್ತದೆ" ಎಂದಳು. ಸರಸಮ್ಮ ಬಿಂದಿಗೆ ಅಲ್ಲೇ ಬಿಟ್ಟು ಒಳಗೆ ಓಡಿದಳು. ಒಲೆಗೆ ನೀರು ಸುರಿದ ಸದ್ದು ಜಗಲಿಯವರೆಗೆ ಕೇಳಿತು.

ಬುಕ್ಕಾಪಟ್ಟಣದ ಹೆಂಗಸಿನ ವಿಷಯ ನನಗೆ ಇವಳು ಹೇಳಿರಲೇ ಇಲ್ಲ.

ಮಾತಿಗೆ ತಲೆಯಿಲ್ಲ, ಬಾಲವಿಲ್ಲ. ಫೋಟೋ ಅಲ್ಲ, ಎಕ್ಸ್‌ರೇ. ಒಬ್ಬರೂ ಅದರ ಬಗ್ಗೆ ತಕರಾರು ಎತ್ತಲಿಲ್ಲ. ನನ್ನ ಕರಪತ್ರದಲ್ಲಿ ಒಂದು ದೀರ್ಘವೂ ತಪ್ಪಿರಲಿಲ್ಲ, ಅದರಲ್ಲಿ ಕಡಲೆಕಾಯಿ ಕಟ್ಟಿದರು. ಇದೇ ಈ ಬೀದಿಯ ಯೋಗ್ಯತೆ.

ಫೆಬ್ರವರಿ 27, ಗುರುವಾರ

ತಿಪ್ಪೇಶ ರಬ್ಬರು ಹಂಚುವುದನ್ನು ನಿಲ್ಲಿಸಿದ್ದಾನೆ. ಹಳೆಯ ಟೈರನ್ನು ಗುಜರಿಯವನಿಗೆ ಕೊಡುತ್ತಾನಂತೆ. "ಅಕ್ಕನ್ನ ಎತ್ಕಂಡಾಗ ಮಗಾನ ಎತ್ಕಂಡಂಗಾಗಿತ್ತು ಕಣಣ್ಣ, ಭಾರನೇ ಇರ್ಲಿಲ್ಲ. ಆ ಚೀಲ ಕೊಟ್ಟೋನು ನಾನೇ ಅಲ್ವಾ" ಎಂದು ಜಗಲಿಯ ಮೇಲೆ ಕೂತು ಕಣ್ಣೊರೆಸಿಕೊಂಡ. ಗಂಡಸು ಹೀಗೆ ಬೀದಿಯಲ್ಲಿ ಅಳುವುದೇ? ಟೀ ಕೊಟ್ಟು ಕಳಿಸಿದೆ.

ಮಹಜಬೀನ್ ಬಂದಿದ್ದಳು. ಬೀದಿಯಲ್ಲಿ ಹೊಗೆ ಏಕೆ ಕಡಿಮೆಯಾಯಿತು ಎಂದು ಅವಳ ಆಫೀಸಿನವರು ಕೇಳಿದರಂತೆ, ಚೀಟಿಗಳಿಂದ ಎಂದು ಬರೆದುಕೊಂಡರಂತೆ. ಬುದ್ಧಿವಂತರು. ಶಿರಾದಲ್ಲಿ ತನ್ನ ತಾಯಿಗೆ ನಾಗರತ್ನಳ ವಿಷಯ ಹೇಳಿದಳಂತೆ. ನಕ್ಕರೇ ಎಂದು ಕೇಳಿದೆ. "ಇಲ್ಲ ಸರ್. ಆ ಅಮ್ಮ ಈಗ ಹೆಂಗಿದಾರೆ ಅಂತ ಕೇಳಿದ್ರು. ದಿನಾ ಕೇಳ್ತಾರೆ" ಎಂದಳು.

ಮಾರ್ಚ್ 5, ಬುಧವಾರ

ಸಿಮೆಂಟು ಬಿಚ್ಚಿದರು. ಕಾಲು ಒಣಗಿದ ಸೀಮೆಜಾಲಿ ಕೊಂಬೆಯ ಹಾಗಿದೆ. ನಡೆಯಬಲ್ಲೆ.

ಹಂಡೆಯನ್ನು ಬಚ್ಚಲಿನಿಂದ ತೆಗೆಸಿ ಹಿತ್ತಲಿನ ಬಿಸಿಲಿಗೆ ಇಡಿಸಿದ್ದೇನೆ. ಮಧುಗಿರಿ ಬೆಟ್ಟದ ಬಂಡೆ ಕಾದು ಊರನ್ನೆಲ್ಲ ಬೇಯಿಸುವ ಕಾಲದಲ್ಲಿ ಒಲೆ ಹೊತ್ತಿಸುವವನು ಮೂರ್ಖ. ಮಧ್ಯಾಹ್ನಕ್ಕೆ ನೀರು ಕೈ ಇಡಲಾಗದಷ್ಟು ಬಿಸಿ. ಪೂಜೆ ಮಧ್ಯಾಹ್ನಕ್ಕೆ ಹೋಗಿದೆ. ಬೆಳಗಿನ ಜಾವವೇ ಆಗಬೇಕೆಂದು ಯಾರೂ ನನಗೆ ಬರೆದುಕೊಟ್ಟಿಲ್ಲ. ಮಳೆಗಾಲಕ್ಕೆ ಏನು ಮಾಡುವುದೆಂದು ಮಳೆಗಾಲದಲ್ಲಿ ನೋಡೋಣ.

ಹಾಲಿನ ಕವರುಗಳನ್ನು ತೊಳೆದು ತಂತಿಗೆ ನೇತುಹಾಕಿದೆ. ಕೈ ಖಾಲಿ ಇತ್ತು. ತೊಳೆಯದ ಕವರನ್ನು ಪುರಸಭೆಯ ಗಾಡಿಯವನು ಮೂಗು ಮುಚ್ಚಿಕೊಂಡು ತೆಗೆದುಕೊಳ್ಳುತ್ತಾನೆ, ಅವನ ಆ ಮುಖ ನೋಡಲು ನನಗೆ ಇಷ್ಟವಿಲ್ಲ. ನಾಗರತ್ನ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು.

"ರೀ, ಇನ್ನೂ ಜಿಡ್ಡೈತೆ. ತಿರುಗ್ಸಿ ತೊಳೀರಿ."

ತಿರುಗಿಸಿ ತೊಳೆದೆ. ಸಣ್ಣ ವಿಷಯಗಳಿಗೆ ವಾದ ಮಾಡುವವನಲ್ಲ ನಾನು.

ಮಾರ್ಚ್ 16, ಭಾನುವಾರ

ಕಚೇರಿಗೆ ಹೋಗಲು ಶುರುಮಾಡಿ ವಾರವಾಯಿತು. ನನ್ನ ಜಾಗದಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಒಬ್ಬ ಹೊಸಬ ಕೂತಿದ್ದ, ಎಬ್ಬಿಸಿದೆ. ಬರೆಯುವುದಕ್ಕೆ ಹೊತ್ತಿಲ್ಲ. ಇವತ್ತಿನದನ್ನು ಮಾತ್ರ ಬರೆಯುತ್ತೇನೆ.

ಬೆಳಿಗ್ಗೆ ದಂಡಿನ ದಾರಿಯ ಕಡೆಯ ಬೀದಿಯಿಂದ ಇಬ್ಬರು ಹೆಂಗಸರು ಬಂದರು. ಪತ್ರ ಬರೆಸುವವರು ಎಂದುಕೊಂಡು ಭಾನುವಾರ ಬರೆಯುವುದಿಲ್ಲ ಎಂದೆ.

"ನಿಮ್ಮತ್ರ ಅಲ್ಲ ಸಾಮಿ. ನಾಗರತ್ನಮ್ಮಾರು ಇದಾರಾ? ನಮ್ಮ ಬೀದಿಗೊಂದು ಸಲ ಬಂದು ಹೇಳ್ಬೇಕಂತೆ."

"ಹೇಳುವುದೇನು? ಅದೇನು ಹರಿಕಥೆಯೇ?" ಎಂದೆ. ಅಷ್ಟರಲ್ಲಿ ನಾಗರತ್ನ ಸೀರೆ ಬದಲಿಸಿಕೊಂಡು ಬಂದು ನಿಂತಿದ್ದಳು. ಅಷ್ಟು ದೂರ ನಡೆಯಲಾಗದು ಎಂದೆ. ತಿಪ್ಪೇಶ ಓಮ್ನಿ ತೆಗೆದ. ಇಂಥದ್ದಕ್ಕೆಲ್ಲ ಮೊದಲು ನಿಲ್ಲುವವನು ಅವನು. ನಾನೂ ಹತ್ತಿದೆ. ಅವಳಿಗೆ ಇನ್ಹೇಲರು ಜೊತೆಯಲ್ಲಿಟ್ಟುಕೊಳ್ಳಲು ನೆನಪಿರುವುದಿಲ್ಲ, ನನ್ನ ಜುಬ್ಬದ ಜೇಬಿನಲ್ಲಿತ್ತು.

ಅಲ್ಲಿ ಒಂದು ಮನೆಯ ನಡುಮನೆಯಲ್ಲಿ ಹೆಂಗಸರು ಸೇರಿದ್ದರು. ಗಂಡಸರಿಗೆ ಒಳಗೆ ಜಾಗವಿಲ್ಲ ಎಂದರು. ನಾನು ಜಗಲಿಯಲ್ಲಿ ಕೂತೆ. ಆ ಮನೆಯ ಮುದುಕನೊಬ್ಬ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವ್ಯಾರು?" ಎಂದ. ಅವನ ಮನೆಯ ವಿಭಾಗಪತ್ರ ಬರೆದವನೇ ನಾನು, ಅವನ ಹೆಬ್ಬೆಟ್ಟನ್ನು ಈ ಕೈಯಲ್ಲೇ ಒತ್ತಿಸಿದ್ದೆ. "ಒಳಗೆ ಮಾತಾಡ್ತಾ ಇದಾಳಲ್ಲ, ಅವಳ ಮನೆಯವನು" ಎಂದೆ. ಮುದುಕ ಮಜ್ಜಿಗೆ ತರಿಸಿದ. ನೀರು ಮಜ್ಜಿಗೆ, ಉಪ್ಪೂ ಇಲ್ಲ.

ಒಳಗೆ ಅವಳ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಮೇಲೆ ಕೆಮ್ಮು ಕೇಳಿತು. ಎದ್ದು ನಿಂತೆ. ಊರುಗೋಲು ಓಮ್ನಿಯಲ್ಲೇ ಉಳಿದಿತ್ತು. ಜೇಬಿಗೆ ಕೈಹಾಕಿ ಹೊಸ್ತಿಲವರೆಗೆ ಹೋದೆ. ಅಷ್ಟರಲ್ಲಿ ಹೆಂಗಸರೆಲ್ಲ ಒಟ್ಟಿಗೆ ನಕ್ಕರು, ಅವರ ನಡುವೆ ಇವಳ ನಗುವೂ ಇತ್ತು.

ವಾಪಸು ಬಂದು ಕೂತೆ. ಮುಗಿಯುವವರೆಗೂ ಕೂತಿದ್ದೆ.